ಸಹಾಯ ಬೇಕು: ರೆಕ್ಕೆಯ ರಿಬ್ (ಒಳಗಿನ ಅಡ್ಡ ಆಸರೆ) ಹತ್ತಿರ ರಿವೆಟ್ ಓರೆಯಾಗ್ತಿದೆ

ಎಲ್ಲರಿಗೂ ನಮಸ್ಕಾರ. ಸಣ್ಣ ವಿಮಾನದ ರೆಕ್ಕೆಯ ಪ್ಯಾನೆಲ್. 2024-ಟಿ3 ದರ್ಜೆಯ ಅಲ್ಯೂಮಿನಿಯಂ, 0.8 ಮಿ.ಮೀ. ಹಾಳೆ ಎರಡು. 3.2 ಮಿ.ಮೀ. ವ್ಯಾಸದ ಎಡಿ4-4 ಮಾದರಿಯ ರಿವೆಟ್, ನಂಬರ್ 30 ಡ್ರಿಲ್. ಉದ್ದದ ಲೆಕ್ಕ ಸರಿಯಿದೆ: ಹಾಳೆಗಳ ದಪ್ಪ 1.6, ಮೇಲೆ ವ್ಯಾಸದ ಒಂದೂವರೆ ಪಟ್ಟು 4.8, ಒಟ್ಟು 6.4.

ಬಡಿದ ಮೇಲೆ ಬಾಲ (ರಿವೆಟ್ಟಿನ ಚಪ್ಪಟೆಯಾಗುವ ತುದಿ) 4.8 ಅಗಲ, 1.6 ಎತ್ತರ ಬರಬೇಕು. ಬಯಲು ಜಾಗದಲ್ಲಿ ಹಾಗೇ ಬರುತ್ತೆ. ರಿಬ್ಬಿನ ಫ್ಲಾಂಜ್ (ಮಡಚಿದ ಅಂಚು) ಮೇಲೆ ಮಾತ್ರ ಒಂದು ಕಡೆಗೆ ಮಲಗಿ, ಆ ಬದಿ ಉಗುರಿನಷ್ಟು ತೆಳ್ಳಗಾಗುತ್ತೆ. ಬಕಿಂಗ್ ಬಾರ್ (ಬಾಲಕ್ಕೆ ಒತ್ತಿ ಹಿಡಿಯುವ ಲೋಹದ ಗಟ್ಟಿ) ರಿಬ್ಬಿನ ಗೋಡೆಗೆ ತಗುಲಿ ವಾಲ್ತಿದೆ ಅಂತ ಗುಮಾನಿ. ರಿವೆಟ್ ಬಡಿಯುವ ಗನ್ನಿನ ಗಾಳಿ ಒತ್ತಡ 40 ಪಿಎಸ್‌ಐಗೆ ಇಳಿಸಿದರೂ ಅದೇ ಕತೆ. ತೂತಿನ ಅಂಚಿನ ಬರ್ (ಚೂಪು ಚೂರು) ತೆಗೆದಾಗಿದೆ, ಒಂದು ಬಿಟ್ಟು ಒಂದು ತೂತಿಗೆ ಕ್ಲೆಕೋ (ಹಾಳೆಗಳನ್ನು ತಾತ್ಕಾಲಿಕವಾಗಿ ಬಿಗಿಹಿಡಿಯುವ ಕ್ಲಿಪ್) ಇದೆ, ಹಾಳೆಗಳ ನಡುವೆ ಸಂದಿಲ್ಲ.

ಕೆಟ್ಟವನ್ನು ಕೊರೆದು ತೆಗೆಯುವಾಗ ಮೂರು ತೂತು ದೊಡ್ಡದಾದವು. 4 ಮಿ.ಮೀ. ರಿವೆಟ್ ಹಾಕೋಣ ಅಂದ್ರೆ ತೂತಿನ ನಡುವಿನಿಂದ ಹಾಳೆಯ ಅಂಚಿಗೆ ದೂರ ಬರೀ 7. ವ್ಯಾಸದ ಎರಡು ಪಟ್ಟು, ಅಂದ್ರೆ 8 ಬೇಕಲ್ಲ!

ಇಕ್ಕಟ್ಟಿಗೆ ಸಣ್ಣ ಟಂಗ್‌ಸ್ಟನ್ ಬಾರ್ ಸಾಕಾ, ಎಷ್ಟು ತೂಕದ್ದು? ಇಲ್ಲಾ ಸ್ಕ್ವೀಜರ್ರೇ (ಬಡಿಯದೆ ಎರಡೂ ಕಡೆಯಿಂದ ಒತ್ತುವ ಉಪಕರಣ) ವಾಸಿನಾ? ಆ ಮೂರು ತೂತಿಗೆ ಡಬ್ಲರ್ (ಬಲಕ್ಕೆ ಮೇಲೆ ಹಾಕುವ ಹೆಚ್ಚುವರಿ ಹಾಳೆ) ಬಿಟ್ಟು ಬೇರೆ ದಾರಿ ಇದ್ರೆ ದಯವಿಟ್ಟು ಹೇಳಿ.