ನೀರು ಕುಡಿದರೆ ಬಾಣಂತಿಗೆ ಹೊಟ್ಟೆ ಬರ್ತದಾ?

ತುಂಗಾತೀರ:
ಹೊಸನಗರ, ತೀರ್ಥಹಳ್ಳಿ ಕಡೆ ಎಷ್ಟೋ ಮನೆಗಳಲ್ಲಿ ಬಾಣಂತಿಗೆ ದಿನಕ್ಕೆ ಎರಡು ಮೂರು ಲೋಟ ಬಿಸಿನೀರು, ಅಷ್ಟೇ. ‘ಜಾಸ್ತಿ ಕುಡಿದ್ರೆ ಹೊಟ್ಟೆ ಜೋತು ಬೀಳ್ತದೆ, ಸೀರೆ ಉಟ್ರೆ ಚಂದ ಕಾಣೂದಿಲ್ಲ’ ಅಂತಾರೆ. ಸೊಪ್ಪು, ಹಣ್ಣು ಥಂಡಿ ಅಂತ ಬಂದ್. ಮೇಲಿಂದ ಹಳೇ ಸೀರೆ ಸುತ್ತಿ ಹೊಟ್ಟೆ ಬಿಗಿಯೋದು. ಯಾವುದು ಇಟ್ಟುಕೊಳ್ಳಬಹುದು, ಯಾವುದು ಬಿಡಬೇಕು?

ಹೆರಿಗೆ ವಾರ್ಡ್:
ನೀರು ಕುಡಿದು ಹೊಟ್ಟೆ ಬರೂದಿಲ್ಲ. ಗರ್ಭಕೋಶ ಕುಗ್ಗಿ ಹಳೇ ಗಾತ್ರಕ್ಕೆ ಬರ್ಲಿಕ್ಕೆ ಸುಮಾರು 6 ವಾರ ಬೇಕು. ಆಮೇಲೂ ಉಬ್ಬು ಉಳಿದರೆ ಹೆಚ್ಚಾಗಿ ಅದು ಹಿಗ್ಗಿದ ಸ್ನಾಯು ಮತ್ತು ಕೊಬ್ಬು. ಎದೆಹಾಲಿನಲ್ಲಿ 100ಕ್ಕೆ 87 ಪಾಲು ನೀರೇ ಇರ್ತದೆ, ಅದು ತಾಯಿ ಮೈಯಿಂದಲೇ ಹೋಗಬೇಕು. ನೀರು ತಡೆದರೆ ಮಲ ಗಟ್ಟಿ, ಕಬ್ಬಿಣದ ಮಾತ್ರೆ ನುಂಗುವವರಿಗೆ ಇನ್ನೂ ಗಟ್ಟಿ. ಮುಕ್ಕಿದಾಗ ಹೊಲಿಗೆ ಹಾಕಿದ ಜಾಗ ನೋಯ್ತದೆ, ಮೂಲವ್ಯಾಧಿ ಏಳ್ತದೆ, ಉರಿಮೂತ್ರ ಬೇರೆ. ಮಗು ಹಾಲು ಕುಡಿಯುವಾಗಲೆಲ್ಲ ಪಕ್ಕದಲ್ಲಿ ಒಂದು ಲೋಟ ನೀರಿಡಿ. ಅತ್ತೆಯವರಿಗೆ ಬಿಸಿನೀರೇ ಸಮಾಧಾನ ಅಂದ್ರೆ ಬಿಸಿನೀರೇ ಆಗಲಿ.

ಬಟ್ಟೆ ಕಟ್ಟಿದರೆ ಸೊಂಟಕ್ಕೆ ಆಧಾರ ಸಿಕ್ಕಿದ ಹಾಗೆ ಆಗ್ತದೆ, ಬಸಿರಲ್ಲಿ ಹಿಗ್ಗಿ ದೂರವಾದ ಹೊಟ್ಟೆಯ ಸ್ನಾಯು ಮಾತ್ರ ಅದರಿಂದ ಕೂಡೂದಿಲ್ಲ. ಉಸಿರು ಎಳೆದಾಗ ಹೊಟ್ಟೆ ಉಬ್ಬಬೇಕು, ಬಟ್ಟೆಯೊಳಗೆ ನಾಲ್ಕು ಬೆರಳು ಸಲೀಸಾಗಿ ಹೋಗಬೇಕು. ಅದಕ್ಕಿಂತ ಬಿಗಿದರೆ ಭಾರ ಎಲ್ಲ ಕೆಳಗೆ ಒತ್ತಿ, ಕೆಮ್ಮಿದಾಗ ಮೂತ್ರ ಜಾರುವ ತೊಂದರೆ ಹೆಚ್ಚಬಹುದು.

ಅಡಿಗೆಮನೆ ಪಥ್ಯ:
ಊಟದ ಮಾತೂ ಬರಲಿ. ಹಾಲೂಡುವ ತಾಯಿಗೆ ಮೊದಲ 6 ತಿಂಗಳು ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚಿಗೆ ಬೇಕು. ಕಾಳುಮೆಣಸು ಬೆಳ್ಳುಳ್ಳಿ ಸಾರು, ಅನ್ನದಲ್ಲಿ ಹೊಟ್ಟೆ ತುಂಬ್ತದೆ, ಪ್ರೋಟೀನ್ ಸಾಲೂದಿಲ್ಲ. ಅದೇ ಸಾರಿಗೆ ಒಂದು ಹಿಡಿ ಹುರುಳಿ ಬೇಯಿಸಿ ಹಾಕಿ. ತಿನ್ನುವವರಿಗೆ ಮೊಟ್ಟೆ, ಮೀನು. ಹರಿವೆ, ನುಗ್ಗೆ ಸೊಪ್ಪು ಬೆಳ್ಳುಳ್ಳಿ ಒಗ್ಗರಣೆಯಲ್ಲಿ ಬಿಸಿಬಿಸಿ ಬಡಿಸಿದರೆ ಥಂಡಿ ಅನ್ನುವವರೂ ಸುಮ್ಮನಾಗ್ತಾರೆ. ಮೇಲೆ ಅರ್ಧ ನಿಂಬೆ ಹಿಂಡಿದರೆ ಕಬ್ಬಿಣದ ಅಂಶ ಚೆನ್ನಾಗಿ ಹಿಡೀತದೆ. ಊಟಕ್ಕೂ ಕಾಫಿಗೂ ನಡುವೆ ಒಂದು ಗಂಟೆ ಬಿಡಿ. ಕಬ್ಬಿಣದ ಮಾತ್ರೆ ಮತ್ತು ಕ್ಯಾಲ್ಸಿಯಂ ಮಾತ್ರೆ ಒಟ್ಟಿಗೆ ಬೇಡ.

ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರ ಲೆಕ್ಕದಲ್ಲಿ ದಿನಕ್ಕೆ ಗಂಡಸಿಗೆ 19 ಮಿಲಿಗ್ರಾಂ ಕಬ್ಬಿಣ, ಹೆಂಗಸಿಗೆ 29. ಕೊನೇ ಪಂಕ್ತಿಯಲ್ಲಿ ಪಲ್ಯದ ಬಾಣಲೆ ಬಳಿದು ಉಣ್ಣುವವಳಿಗೇ ಹೆಚ್ಚು ಬೇಕಾದದ್ದು! ಬಾಣಂತಿಯ ತಟ್ಟೆ ಮೊದಲು ಹಾಕಿ.

ತುಂಗಾತೀರ:
ಹಾಗಾದರೆ ಹೊಟ್ಟೆ ಇಳಿಯೋದು ಹೇಗೆ? ನಾಮಕರಣಕ್ಕೆ ಬಂದವರೆಲ್ಲ ಮೊದಲು ನೋಡೋದು ಅದನ್ನೇ.

ಹೆರಿಗೆ ವಾರ್ಡ್:
ನಾಮಕರಣದ ಹೊತ್ತಿಗೆ ಇಳಿಯಬೇಕು ಅನ್ನೋದೇ ಅನ್ಯಾಯ. ಎಂಟು ವಾರ ಕಳೆದ ಮೇಲೆ ಅಂಗಾತ ಮಲಗಿ, ಮಂಡಿ ಮಡಚಿ, ತಲೆ ಮಾತ್ರ ಎತ್ತಿ, ಹೊಕ್ಕುಳದ ಮೇಲೆ ಬೆರಳು ಅಡ್ಡ ಇಟ್ಟು ನೋಡಿ. ಸ್ನಾಯುಗಳ ನಡುವೆ ಎರಡು ಬೆರಳಿಗಿಂತ ಅಗಲ ಸಂದು ಸಿಕ್ಕರೆ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ, ಬಟ್ಟೆ ಇನ್ನಷ್ಟು ಬಿಗಿಯಬೇಡಿ.