ವಿರಾಮದ ನಂತರದ ಆಲ್ಬಂಗೆ ಅತಿಥಿ ಕಲಾವಿದರನ್ನು ಯಾವ ಹಂತದಲ್ಲಿ ಕರೆಯಬೇಕು?

ಪ್ರಶ್ನೆ (ಗಿಟಾರ್ ವಾದಕ)

ನಮ್ಮದು ನಾಲ್ವರ ಇಂಡೀ ರಾಕ್ ಬ್ಯಾಂಡ್. ಐದು ವರ್ಷಗಳ ಬಿಡುವಿನ ಬಳಿಕ ಮತ್ತೆ ಒಟ್ಟಿಗೆ ನುಡಿಸತೊಡಗಿದ್ದೇವೆ. ಹೊಸ ಆಲ್ಬಂನ ಒಂಬತ್ತು ಹಾಡುಗಳ ಪೈಕಿ ಆರಕ್ಕೆ ಹೊರಗಿನ ಗಾಯಕರನ್ನೂ ವಾದಕರನ್ನೂ ಸೇರಿಸಿಕೊಳ್ಳಬೇಕೆಂಬ ಆಸೆಯಿದೆ. ಆದರೆ ಇಷ್ಟು ವರ್ಷ ಕಾದ ಕೇಳುಗರು ನಮ್ಮನ್ನು ಹುಡುಕಿಕೊಂಡು ಬಂದಾಗ ಬೇರೆಯವರ ದನಿಯೇ ಎದುರಾದರೆ ಹೇಗೆ ಎಂಬ ಅಳುಕು ನಮ್ಮ ಗಾಯಕರನ್ನು ಕಾಡುತ್ತಿದೆ. ಹಾಡು ಪೂರ್ತಿಯಾದ ಮೇಲೆ ಅತಿಥಿಗಳಿಗೆ ಕಳಿಸಬೇಕೋ, ಅರ್ಧ ಇರುವಾಗಲೇ ಕಳಿಸಬೇಕೋ ಎಂಬುದೂ ತೀರ್ಮಾನವಾಗಿಲ್ಲ.

ಉತ್ತರ 1 (ಗೀತರಚನೆಕಾರ್ತಿ)

ನಿಮ್ಮ ಗಾಯಕರಿಗೆ ದಿ ನ್ಯಾಷನಲ್ ಬ್ಯಾಂಡಿನ 2019ರ ‘ಐ ಆಮ್ ಈಸಿ ಟು ಫೈಂಡ್’ ಆಲ್ಬಂ ಕೇಳಿಸಿ. ಮ್ಯಾಟ್ ಬರ್ನಿಂಗರ್ ಅವರ ತಗ್ಗಿದ ದನಿಯಿಂದಲೇ ಗುರುತಿಸಿಕೊಂಡಿದ್ದ ಆ ಬ್ಯಾಂಡ್ ಗೇಲ್ ಆನ್ ಡಾರ್ಸಿ, ಲೀಸಾ ಹ್ಯಾನಿಗನ್, ಶರನ್ ವ್ಯಾನ್ ಎಟನ್, ಕೇಟ್ ಸ್ಟೇಬಲ್ಸ್ ಮೊದಲಾದ ಗಾಯಕಿಯರನ್ನು ಬರೀ ಹಿನ್ನೆಲೆಗೆ ನಿಲ್ಲಿಸದೆ, ಎಷ್ಟೋ ಸಾಲುಗಳನ್ನು ಅವರಿಗೇ ಬಿಟ್ಟುಕೊಟ್ಟಿತು. ಹಾಗಿದ್ದೂ ಬ್ಯಾಂಡಿನ ಚಹರೆ ಅಳಿಯಲಿಲ್ಲ. ಬ್ರಯಾನ್ ಡೆವೆಂಡಾರ್ಫ್ ಅವರ ಡ್ರಮ್ಸ್ ಎರಡು ಬಾರ್ (ತಾಳದ ಎರಡು ಆವರ್ತ) ಕೇಳಿದರೆ ಸಾಕು, ಇದು ಯಾರದೆಂದು ತಿಳಿಯುತ್ತದೆ. ನಿಮ್ಮ ಗುರುತು ಗಾಯಕರ ದನಿಯಲ್ಲಿ ಮಾತ್ರ ಇದೆಯೇ ಎಂದು ನಾಲ್ವರೂ ಒಮ್ಮೆ ಕುಳಿತು ಪ್ರಾಮಾಣಿಕವಾಗಿ ಯೋಚಿಸಿ.

ಉತ್ತರ 2 (ರೆಕಾರ್ಡಿಂಗ್ ಎಂಜಿನಿಯರ್)

ಹಾಡು ಅರ್ಧ ಇರುವಾಗಲೇ ಕಳಿಸಿ. ಒಮ್ಮೆ ನಾನು ಪೂರ್ತಿ ಮಿಕ್ಸ್ ಆದ ಹಾಡನ್ನು ಅತಿಥಿ ಗಾಯಕಿಯೊಬ್ಬರಿಗೆ ಕಳಿಸಿದ್ದೆ. ಎರಡು ಗಿಟಾರ್, ಆರ್ಗನ್, ಮೂರು ಹಿನ್ನೆಲೆ ದನಿಗಳು ಆಗಲೇ ತುಂಬಿಕೊಂಡಿದ್ದರಿಂದ ಅವರು ನಾವು ಕೊಟ್ಟ ಧಾಟಿಯನ್ನೇ ಒಪ್ಪವಾಗಿ ಹಾಡಿ ಕಳಿಸಿದರು. ತಪ್ಪಿರಲಿಲ್ಲ, ಆದರೆ ಅವರದ್ದೆನ್ನುವಂಥದ್ದೂ ಅದರಲ್ಲಿ ಏನೂ ಇರಲಿಲ್ಲ. ಡ್ರಮ್ಸ್, ಬೇಸ್ ಮತ್ತು ಒಂದೇ ಗಿಟಾರ್ ಉಳಿಸಿ ಮತ್ತೆ ಕಳಿಸಿದೆ. ಈ ಸಲ ಎರಡನೆಯ ಸಾಲನ್ನು ಅರ್ಧ ಬೀಟ್ ತಡವಾಗಿ ಎತ್ತಿಕೊಂಡರು. ಅದಕ್ಕೂ ಮುಂಚೆ ಅವರು ಉಸಿರೆಳೆದುಕೊಂಡದ್ದು ಕೇಳಿಸುತ್ತಿತ್ತು. ಅದನ್ನು ಅಳಿಸದೆ ಹಾಗೆಯೇ ಉಳಿಸಿಕೊಂಡೆವು.

ದೂರದಿಂದ ಮಾಡಿದ ಕೆಲಸಕ್ಕೆ ಜೀವವಿರುವುದಿಲ್ಲ ಎಂದು ಅಂಜಬೇಡಿ. ದಿ ಪೋಸ್ಟಲ್ ಸರ್ವಿಸ್ ಜೋಡಿ 2003ರ ‘ಗಿವ್ ಅಪ್’ ಆಲ್ಬಂ ಅನ್ನು ಕಟ್ಟಿದ್ದೇ ಧ್ವನಿಮುದ್ರಣಗಳನ್ನು ಅಂಚೆಯಲ್ಲಿ ಒಬ್ಬರಿಗೊಬ್ಬರು ಕಳಿಸುತ್ತ. ಹೆಸರು ಬಂದದ್ದೂ ಅದರಿಂದಲೇ. ನೀವು ಎಲ್ಲ ಟ್ರ್ಯಾಕ್‌ಗಳೂ (ಒಂದೊಂದು ವಾದ್ಯ, ದನಿಯ ಬೇರೆ ಬೇರೆ ಧ್ವನಿಮುದ್ರಣಗಳು) ಹಾಡಿನ ಒಂದೇ ಆರಂಭಬಿಂದುವಿನಿಂದ ಶುರುವಾಗುವಂತೆ, 24 ಬಿಟ್, 48 ಕಿಲೋಹರ್ಟ್ಸ್ ವೇವ್ ಫೈಲ್‌ಗಳಾಗಿ ಕಳಿಸಿ. ಟೆಂಪೋ, ಅಂದರೆ ಹಾಡಿನ ವೇಗ, ಎಷ್ಟೆಂದು ಬರೆಯಿರಿ.

ಉತ್ತರ 3 (ಡ್ರಮ್ ವಾದಕ)

ಮೇಲಿನವರ ಮಾತಿಗೆ ಒಂದು ತಿದ್ದುಪಡಿ ಸೇರಿಸುತ್ತೇನೆ. ಐದು ವರ್ಷದ ಬಳಿಕ ನಾಲ್ವರ ಕೈಯೂ ಮೊದಲಿನ ಹಾಗೆ ಇರುವುದಿಲ್ಲ. ಆದ್ದರಿಂದ ಅತಿಥಿಗಳನ್ನು ಕರೆಯುವ ಮೊದಲು ಒಂಬತ್ತೂ ಹಾಡುಗಳನ್ನು ಒಂದೇ ಕೋಣೆಯಲ್ಲಿ ನೀವಷ್ಟೇ ನುಡಿಸಿ, ಎಲ್ಲಿ ನಿಮ್ಮಲ್ಲೇ ಬಿರುಕಿದೆ ಎಂಬುದನ್ನು ಕಂಡುಕೊಳ್ಳಿ. ಆ ಬಿರುಕನ್ನು ಮುಚ್ಚಲು ಕರೆದ ಅತಿಥಿಯಿಂದ ಹಾಡು ಉಳಿಯುವುದಿಲ್ಲ. 2010ರ ಆಲ್ಬಂ ಬಳಿಕ ಬ್ರೋಕನ್ ಸೋಷಿಯಲ್ ಸೀನ್ ಬ್ಯಾಂಡ್ 2017ರಲ್ಲಿ ‘ಹಗ್ ಆಫ್ ಥಂಡರ್’ ತಂದಾಗ ಫೈಸ್ಟ್, ಎಮಿಲಿ ಹೇನ್ಸ್‌ರಂಥ ಹಳೆಯ ಸಂಗಡಿಗರೂ ಜೊತೆಗಿದ್ದರು. ನಿಮ್ಮ ಪಟ್ಟಿಯಲ್ಲೂ ಮೊದಲ ಹೆಸರುಗಳು ನಿಮ್ಮನ್ನು ಬಲ್ಲವರದಾಗಿರಲಿ.

ಪಾಲಿನ ಮಾತನ್ನೂ ಮೊದಲೇ ಮುಗಿಸಿ. ರಚನೆಯ ಹಕ್ಕು ಬೇರೆ, ಧ್ವನಿಮುದ್ರಣದ ಹಕ್ಕು ಬೇರೆ. ಅತಿಥಿ ಹೊಸ ಸಾಲನ್ನೋ ರಾಗವನ್ನೋ ಕೊಟ್ಟರೆ ರಚನೆಯಲ್ಲಿ ಅವರಿಗೆ ಪಾಲು ಎಷ್ಟೆಂಬುದನ್ನು ಧ್ವನಿಮುದ್ರಣಕ್ಕೆ ಮುನ್ನ ಬರಹದಲ್ಲಿ ಇಡಿ. ನಾವು ಹಾಗೆ ಮಾಡದೆ ಒಬ್ಬ ಒಳ್ಳೆಯ ಗೆಳೆಯನನ್ನು ಕಳೆದುಕೊಂಡೆವು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಒಂಬತ್ತೂ ಹಾಡುಗಳನ್ನು ನಾವೇ ನುಡಿಸಿ ನೋಡಿದೆವು. ಆರರ ಪೈಕಿ ಎರಡಕ್ಕೆ ಅತಿಥಿ ಬೇಕಾಗಿಲ್ಲ. ಬೇಕಾಗಿದ್ದದ್ದು ಸರಿಯಾದ ಶ್ರುತಿ, ಗಾಯಕರಿಗೆ ಈಗ ಒಂದು ಸ್ವರ ಕೆಳಗೆ ಹಾಡುವುದೇ ಒಗ್ಗುತ್ತದೆ. ಉಳಿದ ನಾಲ್ಕನ್ನು ಡ್ರಮ್ಸ್, ಬೇಸ್ ಮತ್ತು ಒಂದು ಗಿಟಾರ್‌ನೊಂದಿಗೆ, ಪಾಲಿನ ಒಪ್ಪಂದದ ಕರಡನ್ನೂ ಸೇರಿಸಿ, ಈ ವಾರವೇ ಕಳಿಸುತ್ತಿದ್ದೇವೆ.