ಪೈಥಾನ್ ಕಲಿಸುವಾಗ ದತ್ತಾಂಶದ ಬಗೆಯನ್ನು ಮೊದಲ ದಿನವೇ ಹೇಳಬೇಕೆ?

ಮಾಲೂರಿನ ಅಧ್ಯಾಪಕಿ:
ಸುತ್ತಲಿನ ಹಳ್ಳಿಗಳ ಮಕ್ಕಳಿಗೆ ಭಾನುವಾರಗಳಂದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಹೇಳಿಕೊಡುತ್ತಿದ್ದೇನೆ. ಹೆಚ್ಚಿನವರ ಮನೆಯಲ್ಲಿ ಟೊಮೆಟೊ ಬೆಳೆಯುವುದರಿಂದ, ಕೋಲಾರದ ಎಪಿಎಂಸಿಯಲ್ಲಿ ನಡೆಯುವ 15 ಕೆ.ಜಿ. ಬಾಕ್ಸಿನ ಲೆಕ್ಕವನ್ನೇ ಮೊದಲ ಅಭ್ಯಾಸವಾಗಿ ಕೊಟ್ಟೆ. ಬಾಕ್ಸಿನ ದರವನ್ನೂ ಬಾಕ್ಸುಗಳ ಸಂಖ್ಯೆಯನ್ನೂ ‘ಇನ್‌ಪುಟ್’ ಮೂಲಕ ಪಡೆದು, ಗುಣಿಸಿ, ‘ಪ್ರಿಂಟ್’ ಮಾಡಬೇಕಿತ್ತು. ಒಬ್ಬ ಹುಡುಗಿ ಸಂಖ್ಯೆಯನ್ನು ‘ಇಂಟ್’ ಬಳಸಿ ಪೂರ್ಣಾಂಕಕ್ಕೆ ಬದಲಿಸಿದ್ದಳು, ದರವನ್ನು ಬದಲಿಸುವುದು ಮರೆತಿತ್ತು. ದರ 500, ಬಾಕ್ಸ್ 3 ಎಂದು ಕೊಟ್ಟಾಗ 1500 ಬರುವ ಬದಲು 500500500 ಎಂದು ಪರದೆಯ ಮೇಲೆ ಮೂಡಿತು. ದೋಷದ ಸೂಚನೆ ಒಂದೂ ಬರಲಿಲ್ಲ. ಅವಳು ಬಹಳ ಹೊತ್ತು ತನ್ನ ಗುಣಾಕಾರವನ್ನೇ ಅನುಮಾನಿಸುತ್ತ ಕುಳಿತಿದ್ದಳು. ಸ್ಟ್ರಿಂಗ್ (ಪಠ್ಯ), ಇಂಟ್ (ಪೂರ್ಣಾಂಕ), ಫ್ಲೋಟ್ (ದಶಮಾಂಶ) ಎಂಬ ಬಗೆಗಳನ್ನು ಮೊದಲ ದಿನವೇ ಹೇಳಬೇಕಿತ್ತೆ, ಅಥವಾ ಅಷ್ಟು ಬೇಗ ಹೇಳಿದರೆ ಮಕ್ಕಳು ಹೆದರುತ್ತಾರೆಯೆ?

ಬಂಗಾರಪೇಟೆಯ ನಿವೃತ್ತ ಉಪನ್ಯಾಸಕ:
ಮೇಡಂ, ಈ ತೊಡಕು ಭಾಷೆಯದು, ಹುಡುಗಿಯದಲ್ಲ. ಸಿ ಭಾಷೆಯಲ್ಲಿ ಚರಾಂಕವನ್ನು, ಅಂದರೆ ಮೌಲ್ಯವನ್ನು ಹೊರುವ ಹೆಸರನ್ನು, ಬಳಸುವ ಮೊದಲೇ ಅದು ಪೂರ್ಣಾಂಕವೋ ದಶಮಾಂಶವೋ ಎಂದು ಘೋಷಿಸಬೇಕು. ಬಗೆಯ ವಿಚಾರ ತಾನಾಗಿಯೇ ಮೊದಲ ಪಾಠವಾಗುತ್ತದೆ. ಪೈಥಾನಿನಲ್ಲಿ ಇಂದು ಸಂಖ್ಯೆಯನ್ನು ಹೊತ್ತ ಹೆಸರು ಮುಂದಿನ ಸಾಲಿನಲ್ಲಿ ಪಠ್ಯವನ್ನು ಹೊರಬಹುದು. ಸುಲಭವೆಂದು ಹೇಳಿ ಬುನಾದಿಯನ್ನೇ ಬಿಟ್ಟರೆ ಮುಂದೆ ಕಷ್ಟಪಡುವವರು ಮಕ್ಕಳೇ.

ಕೋಲಾರದ ಸಾಫ್ಟ್‌ವೇರ್ ಉದ್ಯೋಗಿ:
ಸರ್, ಪೈಥಾನಿನಲ್ಲಿ ಬಗೆ ಇಲ್ಲವೆಂದಲ್ಲ, ಅದು ಹೆಸರಿಗೆ ಅಂಟಿಕೊಳ್ಳದೆ ಮೌಲ್ಯಕ್ಕೆ ಅಂಟಿಕೊಂಡಿರುತ್ತದೆ. ಅದೇ ಹುಡುಗಿ ಗುಣಿಸುವ ಬದಲು ಕೂಡಿಸಿದ್ದರೆ, ಪಠ್ಯಕ್ಕೆ ಸಂಖ್ಯೆಯನ್ನು ಸೇರಿಸಲಾಗದೆಂದು ‘ಟೈಪ್ ಎರರ್’ ಕೊಟ್ಟು ಪೈಥಾನ್ ಅಲ್ಲೇ ನಿಲ್ಲುತ್ತಿತ್ತು. ಪಠ್ಯವನ್ನು ಪೂರ್ಣಾಂಕದಿಂದ ಗುಣಿಸಿದರೆ ಪಠ್ಯವನ್ನು ಅಷ್ಟು ಬಾರಿ ಬರೆ ಎಂಬ ಅರ್ಥ ಇರುವುದರಿಂದ ಮಾತ್ರ ಇಲ್ಲಿ ತಪ್ಪು ಮರೆಯಾಯಿತು.

ಇನ್ನೊಂದು ಮಾತನ್ನೂ ಹೇಳಲೇಬೇಕು. ಪೈಥಾನ್ 2ರಲ್ಲಿ ‘ಇನ್‌ಪುಟ್’ ಎಂಬುದು ಬಳಕೆದಾರ ಟೈಪ್ ಮಾಡಿದ್ದನ್ನು ಪೈಥಾನಿನದೇ ಲೆಕ್ಕವೆಂದು ತಿಳಿದು ಬಿಡಿಸುತ್ತಿತ್ತು; ಅಲ್ಲಿ 500 ಎಂದರೆ ಸಂಖ್ಯೆಯೇ ಆಗುತ್ತಿತ್ತು. ಆದರೆ ಹೊರಗಿನವರು ಬರೆದದ್ದನ್ನೆಲ್ಲ ಹಾಗೆ ಚಾಲನೆ ಮಾಡುವುದು ಅಪಾಯಕಾರಿ. 2008ರ ಡಿಸೆಂಬರಿನಲ್ಲಿ ಬಂದ ಪೈಥಾನ್ 3, ಕೀಲಿಮಣೆಯಿಂದ ಬಂದದ್ದೆಲ್ಲವೂ ಪಠ್ಯವೇ, ಬೇಕಾದವರು ಬದಲಿಸಿಕೊಳ್ಳಲಿ ಎಂಬ ನಿಯಮವನ್ನು ತಂದಿತು. ಈ ಒಂದು ವಾಕ್ಯವನ್ನು ಮೊದಲ ದಿನ ಹೇಳಿದರೆ ಸಾಕು. ಉಳಿದ ಬಗೆಗಳು ಅಗತ್ಯ ಬಿದ್ದಾಗ ಬರಲಿ.

ಮುಳಬಾಗಿಲಿನ ವಿದ್ಯಾರ್ಥಿ:
ಹೆಸರುಗಳನ್ನು ಕನ್ನಡದಲ್ಲೇ ಇಟ್ಟರೆ ನನ್ನಂಥವರಿಗೆ ಅನುಕೂಲ. ಪೈಥಾನ್ 3ರಲ್ಲಿ ದರ, ಮೊತ್ತ ಎಂದು ಕನ್ನಡ ಲಿಪಿಯಲ್ಲೇ ಬರೆದ ಚರಾಂಕಗಳು ನಡೆಯುತ್ತವೆ. ‘ಇಂಟ್’ಗೆ ಉದ್ಧರಣ ಚಿಹ್ನೆಯೊಳಗೆ ೫೦೦ ಎಂದು ಕೊಟ್ಟರೂ ಅದು ಐನೂರೆಂದೇ ಓದಿಕೊಳ್ಳುತ್ತದೆ. ಆದರೆ ‘ಬಾಕ್ಸ್‌ದರ’ ಎಂಬ ಹೆಸರನ್ನು ಅದು ಒಪ್ಪಲಿಲ್ಲ. ಬಹಳ ಹುಡುಕಿದ ಮೇಲೆ, ಅರ್ಧಾಕ್ಷರ ಬೇರೆಯಾಗಿ ಕಾಣಲೆಂದು ನಡುವೆ ಸೇರಿಸುವ, ಕಣ್ಣಿಗೆ ಕಾಣದ ಜೋಡಿಮುರುಕ ಅಕ್ಷರವೇ ಕಾರಣವೆಂದು ತಿಳಿಯಿತು. ಪದಗಳ ನಡುವೆ ಅಡಿಗೆರೆ ಹಾಕಿದ ಮೇಲೆ ಸರಿಹೋಯಿತು.

ಬಂಗಾರಪೇಟೆಯ ನಿವೃತ್ತ ಉಪನ್ಯಾಸಕ:
ಬಗೆ ಮೌಲ್ಯಕ್ಕೆ ಸೇರಿದ್ದೆಂಬ ಮಾತನ್ನು ಒಪ್ಪುತ್ತೇನೆ. ಸಿ ಭಾಷೆಯಲ್ಲೂ ಕೀಲಿಮಣೆಯಿಂದ ಓದುವ ‘ಸ್ಕ್ಯಾನ್‌ಎಫ್’ಗೆ ಅಂಕಿಯ ಬದಲು ಅಕ್ಷರ ಕೊಟ್ಟರೆ ಚರಾಂಕದಲ್ಲಿದ್ದ ಹಳೆಯ ಮೌಲ್ಯ ಹಾಗೆಯೇ ಉಳಿಯುತ್ತದೆ, ಸೂಚನೆ ಬರುವುದಿಲ್ಲ ಎಂಬುದು ನಿಜ. ಆದರೂ ಪೈಥಾನಿನಲ್ಲಿ ಸಾಲಿನ ಆರಂಭದ ಖಾಲಿ ಜಾಗಕ್ಕೆ ಅರ್ಥ ಕೊಟ್ಟಿರುವುದು ನನಗೆ ಇಂದಿಗೂ ಒಪ್ಪಿಗೆಯಿಲ್ಲ. ಸಿ ಭಾಷೆಯಲ್ಲಿ ಸಾಲುಗಳನ್ನು ಗುಂಪು ಮಾಡುವ ಆವರಣ ಚಿಹ್ನೆ ಕಣ್ಣಿಗೆ ಕಾಣುತ್ತದೆ, ಖಾಲಿ ಜಾಗ ಕಾಣುವುದಿಲ್ಲ.

ಕೋಲಾರದ ಸಾಫ್ಟ್‌ವೇರ್ ಉದ್ಯೋಗಿ:
ಮಕ್ಕಳಿಗೆ ಕಾಣುವುದು ಅದೇ ಸರ್. ಪ್ರತಿ ರೈತರ ಮೊತ್ತವನ್ನು ಸುತ್ತುಸುತ್ತಾಗಿ ಕೂಡಿಸುವ ‘ಫಾರ್’ ಸಾಲಿನ ಕೆಳಗೆ, ‘ಪ್ರಿಂಟ್’ ಅನ್ನು ನಾಲ್ಕು ಸ್ಪೇಸ್ ಒಳಗಿಟ್ಟರೆ ಪ್ರತಿ ಸುತ್ತಿಗೂ ಮೊತ್ತ ಮುದ್ರಣವಾಗುತ್ತದೆ, ಅಂಚಿಗೆ ತಂದರೆ ಕೊನೆಗೆ ಒಮ್ಮೆ ಮಾತ್ರ. ಸಿ ಭಾಷೆಯಲ್ಲಿ ಆವರಣ ಬಿಟ್ಟುಹೋದರೆ, ಒಳಗೆ ಸರಿಸಿ ಬರೆದ ಎರಡನೆಯ ಸಾಲು ಸುತ್ತಿನೊಳಗೆ ಇರುವಂತೆ ಕಾಣುತ್ತದೆ, ಆದರೆ ಇರುವುದಿಲ್ಲ. ಪೈಥಾನಿನಲ್ಲಿ ಕಾಣುವುದೂ ನಡೆಯುವುದೂ ಒಂದೇ.

ಮಾಲೂರಿನ ಅಧ್ಯಾಪಕಿ:
ಎಲ್ಲರಿಗೂ ವಂದನೆಗಳು. ಈ ಭಾನುವಾರ ಹೊಸ ಲೆಕ್ಕ ಕೊಡುವ ಮೊದಲು, 500 ಎಂಬುದನ್ನು ಉದ್ಧರಣ ಚಿಹ್ನೆಯೊಳಗೊಮ್ಮೆ, ಹೊರಗೊಮ್ಮೆ ಬರೆಸಿ, ಎರಡನ್ನೂ ‘ಟೈಪ್’ಗೆ ಕೊಟ್ಟು ಉತ್ತರ ನೋಡಲು ಹೇಳಿದೆ. ಒಂದು ಪಠ್ಯವೆಂದೂ ಇನ್ನೊಂದು ಪೂರ್ಣಾಂಕವೆಂದೂ ಬಂತು. ಯಾರೂ ಹೆದರಲಿಲ್ಲ. ಆ ಹುಡುಗಿ ಹಳೆಯ ಕಡತವನ್ನು ತೆರೆದು, ನಾನು ಹೇಳುವ ಮೊದಲೇ ದರದ ಸಾಲಿಗೆ ‘ಇಂಟ್’ ಸೇರಿಸಿ, ಮತ್ತೆ 500, 3 ಎಂದು ಕೊಟ್ಟು ನೋಡಿದಳು.